ಪೈಲಟ್‌ಗಳ ಜ್ಯೇಷ್ಠತಾ ಪಟ್ಟಿ ಮತ್ತು ಹೊರಗುತ್ತಿಗೆ ಹಾರಾಟ (ಅಮೆರಿಕ)

ಒಂದು ವಿಮಾನಯಾನ ಸಂಸ್ಥೆಯ ಪೈಲಟ್‌ಗಳಿಗೆ ಕೆಲಸಕ್ಕೆ ಸೇರಿದ ದಿನಾಂಕದ ಪ್ರಕಾರ ಕ್ರಮಸಂಖ್ಯೆ ಕೊಟ್ಟು ಸಿದ್ಧಪಡಿಸಿದ ಯಾದಿಯೇ ಜ್ಯೇಷ್ಠತಾ ಪಟ್ಟಿ. ಅಮೆರಿಕದಲ್ಲಿ ಪೈಲಟ್ ಯಾವ ಮಾದರಿಯ ವಿಮಾನ ಹಾರಿಸಬೇಕು, ಯಾವ ಊರಿನಿಂದ ಹೊರಡಬೇಕು, ಕ್ಯಾಪ್ಟನ್ ಆಗುವುದು ಯಾವಾಗ, ಕ್ರಿಸ್‌ಮಸ್ ರಜೆ ಸಿಗುತ್ತದೆಯೇ ಎಂಬುದೆಲ್ಲ ಈ ಸಂಖ್ಯೆಯಿಂದ ತೀರ್ಮಾನವಾಗುತ್ತದೆ. ಕಂಪನಿ ನಷ್ಟಕ್ಕೆ ಸಿಲುಕಿದರೆ ಪಟ್ಟಿಯ ಬುಡದಲ್ಲಿರುವವರು ಮೊದಲು ಕೆಲಸ ಕಳೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಅನುಭವವಿದ್ದರೂ ಬೇರೆ ಕಂಪನಿ ಸೇರಿದವರು ಅಲ್ಲಿನ ಪಟ್ಟಿಯ ಕೊನೆಗೆ ಹೋಗುತ್ತಾರೆ. ಆದ್ದರಿಂದ ಅತೃಪ್ತ ಪೈಲಟ್‌ಗಳು ಕಂಪನಿ ಬಿಡುವುದಕ್ಕಿಂತ ಸಂಘದ ಮೂಲಕ ಹೋರಾಡುವುದೇ ಹೆಚ್ಚು.

ಇವರ ಪ್ರಮುಖ ಸಂಘಟನೆಯಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ (ಆಲ್ಪಾ) 1931ರಲ್ಲಿ ಸ್ಥಾಪನೆಯಾಯಿತು. 1926ರ ರೈಲ್ವೆ ಲೇಬರ್ ಆಕ್ಟ್ 1936ರಲ್ಲಿ ವಿಮಾನಯಾನಕ್ಕೂ ಅನ್ವಯವಾಯಿತು. ಈ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಮಾತುಕತೆಯಿಂದ ಪಕ್ಷಗಳನ್ನು ಬಿಡುಗಡೆ ಮಾಡಿ 30 ದಿನ ಕಳೆಯುವವರೆಗೆ ಮುಷ್ಕರ ಹೂಡುವಂತಿಲ್ಲ. ಹೀಗಾಗಿ ವೇತನ ಒಪ್ಪಂದದ ಮಾತುಕತೆ ವರ್ಷಗಟ್ಟಲೆ ಎಳೆಯುವುದುಂಟು.

1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲವಾದ ಮೇಲೆ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಹೊರಗುತ್ತಿಗೆ ಕೊಡುವುದು ಹೆಚ್ಚಿತು. ವಿಮಾನದ ಬಣ್ಣ, ಟಿಕೆಟ್ ಮೇಲಿನ ಹೆಸರು ದೊಡ್ಡ ಕಂಪನಿಯದು; ಪೈಲಟ್ ಮಾತ್ರ ಕಡಿಮೆ ಸಂಬಳದ, ಬೇರೊಂದು ಪಟ್ಟಿಯ ನೌಕರ. ಒಂದು ಗುತ್ತಿಗೆ ಸಂಸ್ಥೆಯ ಪೈಲಟ್‌ಗಳು ಹೆಚ್ಚು ಕೇಳಿದರೆ ಹಾರಾಟವನ್ನು ಮತ್ತೊಂದಕ್ಕೆ ವರ್ಗಾಯಿಸಬಹುದು. 2001ರಲ್ಲಿ ಡೆಲ್ಟಾ ಒಡೆತನದ ಕೋಮೇರ್‌ನ ಪೈಲಟ್‌ಗಳು 89 ದಿನ ಮುಷ್ಕರ ನಡೆಸಿ ವೇತನ ಏರಿಸಿಕೊಂಡರು. 2012ರಲ್ಲಿ ಆ ಸಂಸ್ಥೆಯೇ ಮುಚ್ಚಿತು.

ಹೊರಗುತ್ತಿಗೆಗೆ ಮಿತಿ ಹಾಕಲು ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ತಮ್ಮ ಒಪ್ಪಂದಗಳಲ್ಲಿ 'ಸ್ಕೋಪ್' ಷರತ್ತು ಸೇರಿಸಿದವು. ಅಮೆರಿಕನ್, ಡೆಲ್ಟಾ, ಯುನೈಟೆಡ್ ಒಪ್ಪಂದಗಳಲ್ಲಿ ಪ್ರಾದೇಶಿಕ ವಿಮಾನಕ್ಕೆ ಗರಿಷ್ಠ 76 ಆಸನ, 86,000 ಪೌಂಡ್ (ಸುಮಾರು 39 ಟನ್) ತೂಕದ ಮಿತಿಯಿದೆ. ಈ ಷರತ್ತು ವಿಮಾನ ತಯಾರಿಕೆಯನ್ನೂ ತಿದ್ದಿದೆ. ಎಂಬ್ರೇಯರ್‌ನ ಹೊಸ ಇ175-ಇ2 ತೂಕದ ಮಿತಿ ಮೀರಿದ್ದರಿಂದ ಹಳೆಯ ಇ175ಕ್ಕೇ ಬೇಡಿಕೆ ಉಳಿಯಿತು. ದೊಡ್ಡ ಪ್ರಾದೇಶಿಕ ವಿಮಾನಗಳ ಸಂಖ್ಯೆಗೂ ಮಿತಿಯಿದ್ದುದರಿಂದ, ಸುಮಾರು 70 ಆಸನದ ಸಿಆರ್‌ಜೆ-700ರ ಒಡಲಲ್ಲೇ 50 ಆಸನವಿಟ್ಟು ಸಿಆರ್‌ಜೆ-550 ರೂಪಿಸಲಾಯಿತು.

ಅಗ್ಗದ ದುಡಿಮೆಯ ಪ್ರಶ್ನೆ ಸುರಕ್ಷತೆಯ ಚರ್ಚೆಗೂ ಬಂದದ್ದು 2009ರ ಫೆಬ್ರವರಿ 12ರಂದು. ಕಾಂಟಿನೆಂಟಲ್ ಏರ್‌ಲೈನ್ಸ್ ಹೆಸರಿನಲ್ಲಿ ಪ್ರಾದೇಶಿಕ ಸಂಸ್ಥೆ ಕೋಲ್ಗನ್ ಏರ್ ಹಾರಿಸುತ್ತಿದ್ದ ವಿಮಾನ ಬಫಲೋ ಬಳಿ ಬಿದ್ದು 50 ಮಂದಿ ಸತ್ತರು. ಸಹಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನ ಹಿಡಿದು, ದೇಶದ ಒಂದು ತುದಿಯಿಂದ ಇನ್ನೊಂದು ತುದಿಯ ನೆವಾರ್ಕ್‌ಗೆ ಕೆಲಸಕ್ಕೆ ಬಂದಿದ್ದರು. ಬಳಿಕ ಸಂಸತ್ತು ಕಾನೂನು ಬಿಗಿಗೊಳಿಸಿತು. 2013ರಿಂದ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು.

ಕಂಪನಿಗಳು ವಿಲೀನವಾದಾಗ ಎರಡು ಪಟ್ಟಿಗಳನ್ನು ಒಂದಾಗಿಸುವುದು ಅತಿ ಕಹಿಯಾದ ಕೆಲಸ. ಸೇರಿದ ದಿನಾಂಕ ಹಿಡಿದರೆ ಹಳೆಯ ಕಂಪನಿಯವರಿಗೆ ಲಾಭ. ಆಯಾ ಪಟ್ಟಿಯಲ್ಲಿನ ಸಾಪೇಕ್ಷ ಸ್ಥಾನ ಹಿಡಿದರೆ ಬೆಳೆಯುತ್ತಿರುವ ಕಂಪನಿಯವರಿಗೆ ಲಾಭ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದಾಗ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ 2007ರಲ್ಲಿ ಕೊಟ್ಟ ತೀರ್ಪು ಬಹುಮಟ್ಟಿಗೆ ಎರಡನೆಯ ಮಾರ್ಗ ಹಿಡಿಯಿತು. ಇದನ್ನು ಒಪ್ಪದ ಯುಎಸ್ ಏರ್‌ವೇಸ್‌ನ ಪೈಲಟ್‌ಗಳು ಆಲ್ಪಾ ತೊರೆದು ಬೇರೆ ಸಂಘ ಕಟ್ಟಿದರು. ಸಂಘ ಒಡೆದು ನಿಂತ ಆ ವರ್ಷಗಳಲ್ಲಿ ಉತ್ತಮ ಒಪ್ಪಂದವಿಲ್ಲದೆ ಎರಡೂ ಬಣಗಳು ಸೊರಗಿದವು. ಇಂಥ ವಿಲೀನಗಳಲ್ಲಿ ಪಟ್ಟಿ ನ್ಯಾಯಯುತವಾಗಿರಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು ಎನ್ನುತ್ತದೆ 2007ರ ಮೆಕ್‌ಕ್ಯಾಸ್ಕಿಲ್–ಬಾಂಡ್ ಕಾಯ್ದೆ.

ಭಾರತವೂ ಇಂಥ ಬಿಕ್ಕಟ್ಟು ಕಂಡಿದೆ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ವಿಲೀನವಾದವು; ಬೋಯಿಂಗ್ 787 ತರಬೇತಿ ಇಂಡಿಯನ್ ಏರ್‌ಲೈನ್ಸ್ ಮೂಲದವರಿಗೂ ಸಿಗುವುದನ್ನು ವಿರೋಧಿಸಿ ಏರ್ ಇಂಡಿಯಾ ಮೂಲದ ಪೈಲಟ್‌ಗಳು 2012ರಲ್ಲಿ ಸುಮಾರು ಎರಡು ತಿಂಗಳು ಮುಷ್ಕರ ನಡೆಸಿದರು.

ಕೋವಿಡ್ ನಂತರ ಪೈಲಟ್‌ಗಳ ಕೊರತೆ ಉಂಟಾಗಿ ಅಮೆರಿಕದ ಪ್ರಾದೇಶಿಕ ಪೈಲಟ್‌ಗಳ ಚೌಕಾಸಿ ಶಕ್ತಿ ಹೆಚ್ಚಿತು. 2022ರಲ್ಲಿ ಅವರ ವೇತನ ಭಾರಿ ಏರಿತು. ಆದರೂ ಅವರ ಸೇವೆಯ ವರ್ಷಗಳು ಆಯಾ ಕಂಪನಿಯ ಪಟ್ಟಿಯಲ್ಲೇ ಉಳಿಯುತ್ತವೆ. ಉದಾಹರಣೆಗೆ, ಎನ್ವಾಯ್ ಎಂಬ ಪ್ರಾದೇಶಿಕ ಸಂಸ್ಥೆಯ ಪೈಲಟ್‌ಗಳಿಗೆ ಸರದಿಯ ಪ್ರಕಾರ ಅಮೆರಿಕನ್ ಏರ್‌ಲೈನ್ಸ್‌ಗೆ ಹೋಗುವ ಅವಕಾಶವಿದೆ. ಅಲ್ಲಿ ಅವರ ಎಣಿಕೆ ಮತ್ತೆ ಬುಡದಿಂದಲೇ ಶುರುವಾಗುತ್ತದೆ.