ಬಿಯರಿನ ಯೀಸ್ಟ್ ಪರಂಪರೆ

ಹಿಂದಿನ ದಿನದ ಮೊಸರನ್ನು ಹೆಪ್ಪುಹಾಕಿ ಇಂದಿನ ಹಾಲನ್ನು ಮೊಸರಾಗಿಸುವ ಕ್ರಮವು ಕನ್ನಡನಾಡಿನ ಮನೆಮನೆಗೂ ತಿಳಿದುದಾಗಿದೆ. ಮದ್ಯವನ್ನು ಹುದುಗಿಸುವುದಕ್ಕೂ ಇಂತಹ ಒಂದು ದ್ರವ್ಯವು ಬೇಕು. ಕೌಟಿಲ್ಯನ ಅರ್ಥಶಾಸ್ತ್ರವು ಅದನ್ನು ‘ಕಿಣ್ವ’ವೆಂದು ಕರೆದು, ಉದ್ದು ಮತ್ತು ಅಕ್ಕಿಗಳಿಂದ ಅದನ್ನು ಸಿದ್ಧಪಡಿಸುವ ವಿಧಾನವನ್ನು ತಿಳಿಸುತ್ತದೆ. ಯುರೋಪಿನ ಬಿಯರ್ ತಯಾರಕರಾದರೋ ಮೊಸರಿನ ಮಾರ್ಗವನ್ನೇ ಹಿಡಿದರು. ಮೊಳೆಯಿಸಿದ ಬಾರ್ಲಿಯ ಸಿಹಿರಸವನ್ನು ಕುದಿಸಿ ಆರಿಸಿ, ಹಿಂದಿನ ಸಲದ ಯೀಸ್ಟನ್ನು ಅದಕ್ಕೆ ಬೆರಸುವರು. ಹುದುಗುವಿಕೆಯು ಮುಗಿಯುವ ವೇಳೆಗೆ ಆ ಯೀಸ್ಟ್ ಹಲವು ಮಡಿ ಹೆಚ್ಚಿರುತ್ತದೆ. ಒಂದು ಜಾತಿಯದು ನೊರೆಯೊಡನೆ ಮೇಲೇರುವುದು. ತಂಪಿನಲ್ಲಿ ಕೆಲಸಮಾಡುವ ಇನ್ನೊಂದು ಜಾತಿಯದು ತಳದಲ್ಲಿ ಮಡ್ಡಿಯಾಗಿ ನಿಲ್ಲುವುದು. ಅದನ್ನು ತೆಗೆದಿಟ್ಟರೆ ಮುಂದಿನ ಸಲಕ್ಕೆ ಬೀಜವಾಯಿತು. ಈ ಬೀಜವು ಶತಮಾನಗಳ ಕಾಲ ಕೆಡದೆ ಉಳಿದುದು ಹೇಗೆಂಬುದು ವಿಚಾರಾರ್ಹವಾದ ವಿಷಯ.

ಬವೇರಿಯದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧವಾದ ರಾಜಾಜ್ಞೆಯು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವು ಮೂರನ್ನೇ ವಿಧಿಸಿತು. ಯೀಸ್ಟಿನ ಹೆಸರು ಅದರಲ್ಲಿಲ್ಲ. ಅದು ಜೀವವುಳ್ಳ ವಸ್ತುವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿದ್ದರೂ ಅದನ್ನು ಕಾಪಾಡುವ ಉಪಾಯಗಳು ಜನರಲ್ಲಿ ರೂಢಿಯಾಗಿದ್ದವು. ನಾರ್ವೆಯ ಪಶ್ಚಿಮಭಾಗದ ಒಕ್ಕಲು ಮನೆಗಳಲ್ಲಿ ‘ಕ್ವೈಕ್’ ಎಂಬ ಯೀಸ್ಟನ್ನು ಗೆರೆ ಕೊರೆದ ಮರದ ತುಂಡುಗಳ ಮೇಲೋ, ಮರದಿಂದ ಹೆಣೆದ ಬಳೆಗಳ ಮೇಲೋ ಬಳಿದು ಒಣಗಿಸಿ, ಮುಂದಿನ ಹಬ್ಬದವರೆಗೆ ಇಡುತ್ತಿದ್ದರು. ಒಬ್ಬರ ಯೀಸ್ಟ್ ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ಕೊಟ್ಟವನ ಯೀಸ್ಟ್ ಮುಂದೆ ಕೆಟ್ಟಿತೆಂದರೆ, ತಾನು ಕೊಟ್ಟ ಬೀಜವೇ ಅವನಿಗೆ ಹಿಂದಿರುಗಿ ಬರುವ ಸಂಭವವಿತ್ತು. ಹಂಚಿಕೆಯೇ ಆ ಬೀಜಕ್ಕೆ ಭದ್ರವಾದ ಕಣಜವಾಗಿದ್ದಿತು.

ಯೀಸ್ಟ್ ಜೀವಿಯೆಂಬುದನ್ನು 1837ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ಲಾತೂರ್, ಜರ್ಮನಿಯ ಷ್ವಾನ್ ಮತ್ತು ಕ್ಯುಟ್ಸಿಂಗ್ ಎಂಬವರು ಪ್ರತ್ಯೇಕವಾಗಿ ಪ್ರತಿಪಾದಿಸಿದರು. ಪ್ರಮುಖ ರಸಾಯನಶಾಸ್ತ್ರಜ್ಞರು ಇದನ್ನೊಪ್ಪಲಿಲ್ಲ. 1839ರಲ್ಲಿ ಲೀಬಿಗನ ಪತ್ರಿಕೆಯಲ್ಲಿ ಇದನ್ನು ಅಪಹಾಸ್ಯಮಾಡುವ ಲೇಖನವೂ ಪ್ರಕಟವಾಯಿತು. ಈ ವಾದವು ಸ್ಥಿರಪಟ್ಟುದು ಪಾಸ್ತರನ ಪ್ರಯೋಗಗಳಿಂದ. 1870-71ರ ಯುದ್ಧದಲ್ಲಿ ಜರ್ಮನರಿಂದ ಸೋತ ಫ್ರಾನ್ಸಿನ ಅಭಿಮಾನಿಯಾದ ಅವನು, ಜರ್ಮನಿಯ ಬಿಯರನ್ನು ಮೀರಿಸಬೇಕೆಂಬ ಛಲದಿಂದ ಈ ವಿಷಯವನ್ನು ಕೈಗೆತ್ತಿಕೊಂಡನು. ಬಿಯರಿನ ರೋಗಗಳಿಗೆ ಅನ್ಯ ಸೂಕ್ಷ್ಮಜೀವಿಗಳು ಕಾರಣವೆಂದು ಅವನು 1876ರ ತನ್ನ ಗ್ರಂಥದಲ್ಲಿ ತೋರಿಸಿದನು. ಹಳೆಯ ಯೀಸ್ಟನ್ನು ಮತ್ತೆ ಮತ್ತೆ ಬಳಸುವ ಪದ್ಧತಿಯ ದೋಷವು ಇದರಿಂದ ಸ್ಪಷ್ಟವಾಯಿತು: ಗುಣವನ್ನು ಒಯ್ಯುವ ದಾರಿಯಲ್ಲಿಯೇ ರೋಗವೂ ಸಾಗುತ್ತಿದ್ದಿತು.

ಇದಕ್ಕೆ ಪರಿಹಾರವು ಡೆನ್ಮಾರ್ಕಿನಲ್ಲಿ ದೊರೆಯಿತು. ಕೋಪನ್‌ಹೇಗನ್ನಿನ ಜೆ. ಸಿ. ಯಾಕೋಬ್‌ಸನ್ನನು 1845ರಲ್ಲಿ ಮ್ಯೂನಿಕ್ಕಿಗೆ ಹೋಗಿ, ಸ್ಪಾಟನ್ ಕಾರ್ಖಾನೆಯ ಸೆಡ್ಲ್‌ಮಾಯರನಿಂದ ತಳದ ಯೀಸ್ಟನ್ನು ಪಡೆದು ತಂದನು. ದಾರಿಯುದ್ದಕ್ಕೂ ಬಂಡಿ ನಿಂತಲ್ಲೆಲ್ಲ ಪಾತ್ರೆಗಳ ಮೇಲೆ ತಣ್ಣೀರು ಹೊಯ್ದು ಅದನ್ನು ಬದುಕಿಸಿಕೊಂಡನೆಂದು ಪ್ರತೀತಿಯಿದೆ. 1847ರಲ್ಲಿ ಅವನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯು ಆರಂಭವಾಯಿತು. 1875ರಲ್ಲಿ ಅವನು ಒಂದು ಪ್ರಯೋಗಶಾಲೆಯನ್ನು ಸ್ಥಾಪಿಸಿ, ಅಲ್ಲಿ ಕಂಡುಕೊಂಡ ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿಡಕೂಡದೆಂದು ನಿಯಮಮಾಡಿದನು.

ಆ ನಿಯಮದ ಪರೀಕ್ಷೆಯು ಬೇಗನೆ ಬಂದಿತು. ಕಾರ್ಲ್ಸ್‌ಬರ್ಗಿನ ಬಿಯರಿಗೂ ಕೆಟ್ಟ ರುಚಿಯ ರೋಗವು ತಗುಲಿತು. ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ನನು ಪಾಸ್ತರನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಯೀಸ್ಟಿನೊಳಗೇ ಒಳ್ಳೆಯ ಜಾತಿಗಳೊಡನೆ ಕಾಡುಜಾತಿಗಳೂ ಬೆರೆತಿವೆಯೆಂದು ಕಂಡನು. ಯೀಸ್ಟನ್ನು ಅತಿಯಾಗಿ ತೆಳುಮಾಡಿ, ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಸಂತತಿಯನ್ನು ಬೆಳೆಸಿದನು. 1883ರ ನವೆಂಬರಿನಲ್ಲಿ ಈ ಶುದ್ಧಸಂತತಿಯು ಕಾರ್ಖಾನೆಯ ತೊಟ್ಟಿಗಳಿಗೆ ಬಿದ್ದಿತು. ಮೊದಲು ಸಂಶಯಪಟ್ಟಿದ್ದ ಯಾಕೋಬ್‌ಸನ್ನನು ಫಲವನ್ನು ಕಂಡು ಒಪ್ಪಿದನು. ಬಯಸಿದ್ದರೆ ಆ ಕೋಶದ ಸಂತತಿಯನ್ನು ಬಚ್ಚಿಟ್ಟು ಎದುರಾಳಿಗಳನ್ನು ಹಿಂದಿಕ್ಕಬಹುದಾಗಿತ್ತು. ಅವನು ವಿಧಾನವನ್ನು ಪ್ರಕಟಪಡಿಸಿದನು; ಯೀಸ್ಟನ್ನು ಇತರ ತಯಾರಕರಿಗೆ ಕೊಟ್ಟನು. ಮ್ಯೂನಿಕ್ಕಿನಲ್ಲಿ ಪಡೆದ ಕೊಡುಗೆಯನ್ನು ಹೀಗೆ ಲೋಕಕ್ಕೆ ಹಿಂದಿರುಗಿಸಿದನೆನ್ನಬಹುದು.

ಅಂದಿನಿಂದ ಪದ್ಧತಿಯು ಬದಲಾಯಿತು, ಆದರೆ ಅಳಿಯಲಿಲ್ಲ. ಇಂದಿಗೂ ಒಂದು ಸಲದ ಯೀಸ್ಟನ್ನು ಮುಂದಿನದಕ್ಕೆ ಬಳಸುವರು. ಕೆಲವು ಸರದಿಗಳಾದ ಮೇಲೆ ಮಾತ್ರ ಶುದ್ಧವಾದ ಮೂಲಸಂತತಿಯಿಂದ ಹೊಸದಾಗಿ ಬೆಳೆಸಿದುದನ್ನು ತರುವರು. ಇತ್ತೀಚಿನ ಸಂಶೋಧನೆಗಳು ಹಳೆಯ ತಯಾರಕರ ಕೈವಾಡವನ್ನು ಮತ್ತಷ್ಟು ಬೆಳಗಿಸಿವೆ. ತಳದ ಯೀಸ್ಟ್ ಒಂದು ಮಿಶ್ರಸಂತತಿಯಾಗಿದ್ದು, ಅದರ ಜನಕಜಾತಿಗಳಲ್ಲಿ ಒಂದು ದಕ್ಷಿಣ ಅಮೆರಿಕದ ಪೆಟಗೋನಿಯದ ಕಾಡುಗಳಲ್ಲಿ ದೊರೆತುದು 2011ರಲ್ಲಿ ಪ್ರಕಟವಾಯಿತು. 2016ರಲ್ಲಿ 157 ಯೀಸ್ಟ್ ತಳಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಬಿಯರಿನ ಅನೇಕ ತಳಿಗಳು ಲೈಂಗಿಕ ಸಂತಾನಶಕ್ತಿಯನ್ನೂ ಕಾಡಿನಲ್ಲಿ ಬಾಳುವ ಬಲವನ್ನೂ ಬಹುಮಟ್ಟಿಗೆ ಕಳೆದುಕೊಂಡಿವೆಯೆಂದು ತಿಳಿಸಿದರು. ತೊಟ್ಟಿಯಿಂದ ತೊಟ್ಟಿಗೆ ನೂರಾರು ವರ್ಷ ಸಾಗಿದುದರ ಪರಿಣಾಮವಿದು. ಹಸು, ನಾಯಿ, ಭತ್ತಗಳಂತೆ ಯೀಸ್ಟೂ ಮನುಷ್ಯನು ಸಾಕಿದ ಜೀವಿಯಾಯಿತು. ಸಾಕಿದವರಾದರೋ ಬಹುಕಾಲ ಅದು ಜೀವಿಯೆಂಬುದನ್ನೇ ಅರಿಯದಿದ್ದರು.