ಸೂಜಿಮದ್ದು ಸಾಗಿ ಬಂದ ದಾರಿ

ಹಲ್ಲು ಕೀಳುವ ಮುನ್ನ ವಸಡಿಗೆ ಕೊಡುವ ಸೂಜಿಮದ್ದು ಸುಲಭವಾಗಿ ದೊರೆತದ್ದಲ್ಲ. ಕೋಕಾ ಎಲೆಯಿಂದ ತೆಗೆದ ಕೊಕೇನ್ ಕಣ್ಣನ್ನು ಮರಗಟ್ಟಿಸುತ್ತದೆಂದು 1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ತೋರಿಸಿದರು. ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅದನ್ನು ಕೆಳದವಡೆಯ ನರದ ಬಳಿ ಚುಚ್ಚಿ ಹಲ್ಲಿನ ನೋವನ್ನು ತಡೆದರು. ಆದರೆ ತಮ್ಮ ಮೇಲೆಯೇ ಪ್ರಯೋಗ ನಡೆಸುತ್ತ ಅದರ ಚಟಕ್ಕೆ ಸಿಕ್ಕಿದರು. ಕೊಕೇನಿನ ಬದಲು ಹಿಡಿದ ಮಾರ್ಫಿನ್ ಅವರನ್ನು ಬಹುಕಾಲ ಬಿಡಲಿಲ್ಲ.

ಚಟ ಹಿಡಿಸದ ಮದ್ದು ಬೇಕಾಗಿತ್ತು. ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ತಯಾರಿಸಿದ ಪ್ರೋಕೇನ್ 1905ರಲ್ಲಿ ಬಳಕೆಗೆ ಬಂದಿತು. ಅದು ಕೆಲವರ ಮೈಗೆ ಒಗ್ಗಲಿಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ರೂಪಿಸಿದ ಲಿಗ್ನೋಕೇನಿನಲ್ಲಿ ಆ ತೊಂದರೆ ಬಲು ಅಪರೂಪ.

ಇದಕ್ಕೆ ಸಾಮಾನ್ಯವಾಗಿ ಅಡ್ರಿನಾಲಿನ್ ಬೆರೆಸುತ್ತಾರೆ. ಅದು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮದ್ದು ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತದೆ. ಆದರೆ ಹೃದ್ರೋಗಿಗಳಿಗೆ ಇದರ ಅಳತೆ ಮೀರಬಾರದು. ಆದ್ದರಿಂದಲೇ ದಂತವೈದ್ಯರ ಸಹಾಯಕಿ ಮದ್ದಿನ ಚೀಟಿಯಲ್ಲಿ ಶೇಕಡಾ 2, 1:80,000 ಎಂಬ ಅಂಕಿಗಳನ್ನು ಓದಿ ನೋಡಬೇಕು. ಎದೆಯ ಕಾಯಿಲೆ ಇದೆಯೇ, ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿ ವೈದ್ಯರಿಗೆ ತಿಳಿಸಬೇಕು. ಆಕೆ ಕೇಳಿದಾಗ ಏನನ್ನೂ ಮುಚ್ಚಿಡಬೇಡಿ.