ಒಡೆದ ಹಾಲಿನ ಚರಿತ್ರೆ

ಕಳೆದ ಭಾನುವಾರ ಮಗಳು ಹೋಟೆಲಿನಲ್ಲಿ ತಿಂದಿದ್ದ ಚೀಸ್ ಸ್ಟಿಕ್ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದಳು. ಖಾರವಾಗಿರಬೇಕು, ಹೊರಗೆ ಗರಿಗರಿಯಾಗಿರಬೇಕು, ಒಳಗೆ ಮೆತ್ತಗಿರಬೇಕು. ಮನೆಯಲ್ಲಿ ಚೀಸ್ ಇರಲಿಲ್ಲ, ಎರಡು ಲೀಟರ್ ಎಮ್ಮೆ ಹಾಲಿತ್ತು. ಪನೀರ್ ಮಾಡಿ ಕರಿದುಕೊಟ್ಟರಾಯಿತು ಎಂದು ಹಾಲನ್ನು ಒಲೆಯ ಮೇಲಿಟ್ಟೆ. ಉಕ್ಕಿ ಬಂತು. ನಿಂಬೆಹಣ್ಣು ಹೆಚ್ಚಿ ಕೈಯಲ್ಲಿ ಹಿಡಿದುಕೊಂಡವಳು ಒಂದು ಗಳಿಗೆ ಸುಮ್ಮನೆ ನಿಂತೆ. ಹಿಂಡಲು ಕೈ ಬರಲಿಲ್ಲ.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿರುವವಳು ನಾನು. ಶಕುನ ಅಪಶಕುನಗಳನ್ನು ನಂಬುವುದಿಲ್ಲ. ಆದರೂ ಕೈ ತಡೆಯಿತು. ತಡೆದದ್ದು ನನ್ನ ಅಜ್ಜಿ.

ಅಜ್ಜಿಯದು ಬ್ಯಾಡಗಿಯ ಕಡೆಯ ಒಂದು ಸಣ್ಣ ಹಳ್ಳಿ. ಅವಳ ಬಳಿ ಎರಡು ಎಮ್ಮೆಗಳಿದ್ದವು. ನಸುಕಿನಲ್ಲೇ ಹಾಲು ಕರೆದು, ಹಿತ್ತಾಳೆಯ ಕೊಡದಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಪೇಟೆಯ ಏಳೆಂಟು ಮನೆಗಳಿಗೆ ಹಾಕಿ ಬರುತ್ತಿದ್ದಳು. ಬೇಸಿಗೆಯಲ್ಲಿ ಬಿಸಿಲು ಬೇಗ ಏರುತ್ತಿತ್ತು. ಕೆಲವು ದಿನ ದಾರಿಯಲ್ಲೇ ಹಾಲು ಕೆಡುತ್ತಿತ್ತು. ಗಿರಾಕಿಗಳ ಮನೆಯಲ್ಲಿ ಕಾಯಿಸಿದಾಗ ಒಡೆದರೆ ಆ ದಿನದ ದುಡ್ಡಿಲ್ಲ, ಮೇಲೆ ಮಾತು ಬೇರೆ. ಹಾಗೆ ವಾಪಸು ಬಂದ ಹಾಲನ್ನು ಅಜ್ಜಿ ಬೆಲ್ಲ ಹಾಕಿ ಕುದಿಸಿ, ಗಟ್ಟಿ ಮಾಡಿ, ಮೊಮ್ಮಕ್ಕಳ ಕೈಗೆ ಹಾಕುತ್ತಿದ್ದಳು. ನಮಗೆ ಅದು ಹಬ್ಬ. ಅವಳು ಮಾತ್ರ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. "ಹಾಲು ಒಡೀಬಾರದವ್ವಾ, ಮನಿಗೆ ಒಳ್ಳೇದಲ್ಲ" ಎನ್ನುತ್ತಿದ್ದಳು. ಅದನ್ನು ಮೂಢನಂಬಿಕೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಮುಂದೆ ಎಂ.ಎ. ಓದುವಾಗ 'ಮಾನಸೋಲ್ಲಾಸ' ಕೈಗೆ ಬಂತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಗ್ರಂಥ ಅದು. ಇವನು ಆರನೆಯ ವಿಕ್ರಮಾದಿತ್ಯನ ಮಗ. ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಆನೆ ಹಿಡಿಯುವುದರಿಂದ ಚಿತ್ರ ಬರೆಯುವವರೆಗೆ, ಸಂಗೀತದಿಂದ ಮೀನು ಹಿಡಿಯುವವರೆಗೆ ಅರಸನೊಬ್ಬ ತಿಳಿದಿರಬೇಕಾದದ್ದೆಲ್ಲ ಅದರಲ್ಲಿದೆ. ಅದರ ಅನ್ನಭೋಗದ ಭಾಗದಲ್ಲಿ ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರು ಸಿಗುತ್ತಾರೆ. ಸುಟ್ಟ ಇಲಿಯ ಅಡುಗೆಯೂ ಇದೆ. ಅಲ್ಲಿಯೇ 'ಕ್ಷೀರಪ್ರಕಾರ' ಎಂಬ ತಿನಿಸು ಬರುತ್ತದೆ. ಕಾಯಿಸಿದ ಹಾಲಿಗೆ ಹುಳಿ ಬೆರೆಸಿ ಒಡೆಯಬೇಕು, ಬಟ್ಟೆಯಲ್ಲಿ ಸೋಸಿ ನೀರು ಬಸಿಯಬೇಕು, ಉಳಿದ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ನಾದಬೇಕು, ಬೇಕಾದ ಆಕಾರ ಮಾಡಿ ತುಪ್ಪದಲ್ಲಿ ಕರಿದು ಸಕ್ಕರೆಯ ಪಾಕ ಹತ್ತಿಸಬೇಕು.

ಇದನ್ನು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕರಿದ ಚೀಸ್ ವಿದೇಶದ್ದು, ಪನೀರ್ ಪಂಜಾಬಿನದು ಎನ್ನುವವರಿಗೆ ಉತ್ತರ ಸಿಕ್ಕಿತಲ್ಲ ಎಂದುಕೊಂಡೆ. ಕೆಲವು ವರ್ಷಗಳ ನಂತರ ಒಂದು ಕಾಲೇಜಿನ ವಿಚಾರಗೋಷ್ಠಿಯಲ್ಲಿ ಹುರುಪಿನಿಂದ ಹೇಳಿಯೂ ಬಿಟ್ಟೆ: ಹಾಲು ಒಡೆದು ಕರಿದು ತಿನ್ನುವುದನ್ನು ಜಗತ್ತಿಗೆ ಕಲಿಸಿದ್ದೇ ಕಲ್ಯಾಣದ ಅಡುಗೆಮನೆ. ಚಪ್ಪಾಳೆ ಬಿತ್ತು. ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಅರಸ ತಿಂದ ಸರಿ. ಆ ಎಮ್ಮೆ ಕಾಯ್ದವರ ಮನೆಯಲ್ಲಿ ಅದನ್ನು ತಿಂದಿದ್ದರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಏನೋ ಹೇಳಿ ಕುಳಿತೆ. ಆದರೆ ಆ ಪ್ರಶ್ನೆ ನನ್ನ ಜತೆಗೆ ಬಸ್ಸು ಹತ್ತಿತು.

ಮೊದಲು ನನ್ನ ಹೆಮ್ಮೆಯ ಲೆಕ್ಕ ತಪ್ಪು ಎಂದು ಗೊತ್ತಾಯಿತು. ಸೋಮೇಶ್ವರನಿಗಿಂತ ಸುಮಾರು ಸಾವಿರದ ಮುನ್ನೂರು ವರ್ಷ ಹಿಂದೆ, ಕ್ರಿ.ಪೂ. 2ನೇ ಶತಮಾನದಲ್ಲಿ, ರೋಮಿನ ಕೇಟೋ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಲ್ಯಾಟಿನ್ ಗದ್ಯದಲ್ಲಿ ನಮಗೆ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಪುಸ್ತಕ ಅದು. ಅದರಲ್ಲಿ 'ಗ್ಲೋಬಿ' ಎಂಬ ತಿಂಡಿ ಇದೆ. ಚೀಸನ್ನು ಗೋಧಿಜಾತಿಯ ರವೆಯೊಂದಿಗೆ ಕಲಸಿ, ಉಂಡೆ ಕಟ್ಟಿ, ಕಾದ ಕೊಬ್ಬಿನಲ್ಲಿ ಒಂದೆರಡರಂತೆ ಬಿಟ್ಟು, ಎರಡು ಕಡ್ಡಿಗಳಿಂದ ತಿರುವುತ್ತಾ ಕರಿದು, ಜೇನು ಸವರಿ ಗಸಗಸೆ ಉದುರಿಸುವುದು. ಇನ್ನು ಕ್ರಿ.ಶ. 1393ರ ಸುಮಾರಿಗೆ ಪ್ಯಾರಿಸಿನ ಒಬ್ಬ ವಯಸ್ಸಾದ ಗೃಹಸ್ಥ ತನ್ನ ಹದಿನೈದು ವರ್ಷದ ಹೆಂಡತಿಗೆ ಮನೆ ನಡೆಸುವುದನ್ನು ಕಲಿಸಲು ಒಂದು ಪುಸ್ತಕ ಬರೆದ. ಅದರಲ್ಲಿ ಚೀಸಿನ ತೆಳು ಹೋಳುಗಳನ್ನು ಮೊಟ್ಟೆಯ ಹಳದಿ, ಹಿಟ್ಟು, ಉಪ್ಪು, ತುಸು ದ್ರಾಕ್ಷಾರಸ ಸೇರಿಸಿದ ಹಿಟ್ಟಿನಲ್ಲಿ ಅದ್ದಿ ಕರಿಯುವ ಕ್ರಮವಿದೆ. ನನ್ನ ಮಗಳು ತಿಂದ ಚೀಸ್ ಸ್ಟಿಕ್ಕಿನ ಮುತ್ತಜ್ಜಿ ಅದೇ ಇರಬೇಕು ಎನ್ನುವಷ್ಟು ಹತ್ತಿರ. ಹಾಲು, ಹಿಟ್ಟು, ಬಿಸಿ ಕೊಬ್ಬು ಇರುವಲ್ಲೆಲ್ಲ ಮನುಷ್ಯರಿಗೆ ಒಂದೇ ಯೋಚನೆ ಹೊಳೆದಿದೆ. ಯಾರು ಮೊದಲು ಎಂಬ ಸ್ಪರ್ಧೆಯಲ್ಲಿ ಅರ್ಥವಿಲ್ಲ.

ಆಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಈ ಮೂರೂ ಪುಸ್ತಕ ಬರೆದವರು ಯಾರು? ಒಬ್ಬ ಅರಸ, ಒಬ್ಬ ಜಮೀನ್ದಾರ, ಒಬ್ಬ ಗಂಡ. ಮೂವರೂ ಹೀಗೆ ಮಾಡಬೇಕು ಎಂದು ಇನ್ನೊಬ್ಬರ ಕೈಗಳಿಗೆ ಹೇಳುತ್ತಿದ್ದಾರೆ. ಸೋಮೇಶ್ವರನ ತುಪ್ಪದ ಬಾಣಲೆಯ ಮುಂದೆ ಕುಳಿತ ಬಾಣಸಿಗನ ಹೆಸರು ಗ್ರಂಥದಲ್ಲಿಲ್ಲ. ಕೇಟೋನ ಹೊಲಮನೆ ನಡೆಯುತ್ತಿದ್ದದ್ದು ಗುಲಾಮರಿಂದ. ಕರಿದ ಚೀಸಿಗೆ ಜೇನು ಸವರಲು ಹೇಳಿಕೊಡುವ ಅದೇ ಪುಸ್ತಕದ ಆರಂಭದಲ್ಲಿ, ಮುದಿ ಎತ್ತು, ಹಳೆಯ ಗಾಡಿಗಳ ಪಟ್ಟಿಯಲ್ಲೇ ಮುದಿ ಗುಲಾಮನನ್ನೂ ರೋಗಿ ಗುಲಾಮನನ್ನೂ ಸೇರಿಸಿ, ಮಾರಿಬಿಡಿ ಎಂದು ಅವನು ಸಲಹೆ ಕೊಡುತ್ತಾನೆ. ಇದನ್ನು ಓದಿದ ಮೇಲೆ ಗ್ಲೋಬಿಯ ಸಿಹಿ ನನಗೆ ಮೊದಲಿನಂತೆ ರುಚಿಸಲಿಲ್ಲ.

ಅಜ್ಜಿಯ ಮಾತು ಅರ್ಥವಾದದ್ದು ಆಗಲೇ. ಅರಸನ ಮನೆಯಲ್ಲಿ ಹಾಲನ್ನು ಒಡೆಯುತ್ತಾರೆ. ಅಜ್ಜಿಯ ಮನೆಯಲ್ಲಿ ಹಾಲು ಒಡೆಯುತ್ತದೆ. ಕನ್ನಡದ ಒಂದೇ ಕ್ರಿಯಾಪದ ಎರಡು ಕಡೆ ಎರಡು ಬದುಕನ್ನು ಹೇಳುತ್ತದೆ. ಬೇಕೆಂದೇ ಹಾಲು ಒಡೆಯಲು ಮನೆಯಲ್ಲಿ ಹಾಲು ಮಿಕ್ಕಿರಬೇಕು. ಮಾರುವ ಹಾಲು ತಾನಾಗಿ ಒಡೆದರೆ ಅದು ಆ ದಿನದ ಉಪ್ಪು, ಎಣ್ಣೆ, ಮೊಮ್ಮಗಳ ನೋಟ್‌ಬುಕ್ಕು ಒಡೆದಂತೆ. "ಮನಿಗೆ ಒಳ್ಳೇದಲ್ಲ" ಎಂಬುದು ಅವಳ ಮಟ್ಟಿಗೆ ಶಕುನವಲ್ಲ, ಲೆಕ್ಕ. ಅವಳು ಆ ಸಿಹಿಯನ್ನು ಬಾಯಿಗಿಡದೆ ಇದ್ದದ್ದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕರ್ನಾಟಕದಲ್ಲಿ 1974ರ ನಂತರ ಹಾಲು ಸಹಕಾರ ಸಂಘಗಳು ಬೆಳೆದು, ಊರೂರಿನ ಹಾಲು ಶೀತಲ ಕೇಂದ್ರಕ್ಕೆ ಹೋಗತೊಡಗಿದ ಮೇಲೆ ದಾರಿಯಲ್ಲಿ ಹಾಲು ಕೆಡುವ ಭಯ ಕಡಿಮೆಯಾಯಿತು. ನಮ್ಮ ಹಳ್ಳಿಗೆ ಆ ಲಾರಿ ಬರುವ ಹೊತ್ತಿಗೆ ಅಜ್ಜಿ ಎಮ್ಮೆಗಳನ್ನು ಮಾರಿಯಾಗಿತ್ತು.

ಹಾಲನ್ನು ಗಟ್ಟಿ ಮಾಡಿ ತಿನ್ನುವುದು ಹಳ್ಳಿಗೆ ಅಪರಿಚಿತವೇನೂ ಆಗಿರಲಿಲ್ಲ. ಕರು ಹಾಕಿದ ಹೊಸದರಲ್ಲಿ ಸಿಗುವ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣ ಆಗುತ್ತದೆ. ಹುಳಿ ಬೇಕಿಲ್ಲ, ಆ ಹಾಲಿನ ಪ್ರೋಟೀನೇ ಬಿಸಿಗೆ ಹೆಪ್ಪುಗಟ್ಟುತ್ತದೆ. ಇಂಗ್ಲಿಷಿನ ಚೀಸಿಗೆ ಕನ್ನಡ ಪದ ಬೇಕಾದಾಗ ನಿಘಂಟಿನವರು ಎತ್ತಿಕೊಂಡದ್ದು ಈ ಗಿಣ್ಣನ್ನೇ. ಅದನ್ನು ಅಜ್ಜಿ ಓಣಿಗೆಲ್ಲ ಹಂಚಿ, ತಾನೂ ತಿನ್ನುತ್ತಿದ್ದಳು. ಅದು ಮಾರುವ ಹಾಲಾಗಿರಲಿಲ್ಲ ನೋಡಿ. ಇನ್ನು ಪನೀರ್ ಎಂಬುದು ಪಾರಸಿಯಿಂದ ಬಂದ ಪದ. ಉತ್ತರದ ಹೋಟೆಲ್ ಅಡುಗೆಯ ಜತೆ ನಮ್ಮೂರುಗಳಿಗೆ ಬಂತು. ಹೀಗೆ ಹೆಸರು ಒಂದು ದಾರಿಯಲ್ಲಿ, ವಸ್ತು ಇನ್ನೊಂದು ದಾರಿಯಲ್ಲಿ ಬಂದು ನಮ್ಮ ಬಾಣಲೆಯಲ್ಲಿ ಕೂಡಿವೆ.

ಖಾರದ ದಾರಿ ಇನ್ನೂ ದೂರದ್ದು. ಕೇಟೋ, ಸೋಮೇಶ್ವರ, ಪ್ಯಾರಿಸಿನ ಗೃಹಸ್ಥ ಮೂವರಲ್ಲಿ ಯಾರೂ ಮೆಣಸಿನಕಾಯಿ ಕಂಡವರಲ್ಲ. ಅದು ಅಮೆರಿಕದ ಗಿಡ. ಕೊಲಂಬಸ್ 1492ರಲ್ಲಿ ಆ ಕಡೆಗೆ ಹೋದ ಮೇಲಷ್ಟೇ ಹೊರಜಗತ್ತಿಗೆ ಬಂತು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಜತೆ ಅದು ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆಯುವಾಗ ಕನ್ನಡಿಗರ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ನಮ್ಮ ಭಾಷೆ ಈ ಆಗಮನದ ಗುರುತನ್ನು ಇನ್ನೂ ಇಟ್ಟುಕೊಂಡಿದೆ. ಮೆಣಸು ನಮ್ಮ ಹಳೆಯ ಪದ, ಬಳ್ಳಿಯ ಕಾಳು. ಹೊಸ ಕಾಯಿ ಅದರಂತೆ ಖಾರವಾಗಿದ್ದುದರಿಂದ ಮೆಣಸಿನ ಕಾಯಿ ಆಯಿತು. ಹಳಬನಿಗೆ 'ಕರಿ', 'ಒಳ್ಳೆ' ಎಂದು ವಿಶೇಷಣ ಅಂಟಿಸಬೇಕಾಯಿತು. ಅಷ್ಟು ತಡವಾಗಿ ಬಂದ ಗಿಡಕ್ಕೆ ನನ್ನ ಅಜ್ಜಿಯ ಸೀಮೆಯ ಹೆಸರೇ ಅಂಟಿಕೊಂಡಿತು. ಸುಕ್ಕುಗಟ್ಟಿದ, ಖಾರ ಕಡಿಮೆ, ಬಣ್ಣ ಗಾಢವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಗರಿಗರಿಗೆಂದು ನಾವು ಹಾಕುವ ಕಾರ್ನ್‌ಫ್ಲೋರ್ ಕೂಡ ಅಮೆರಿಕದ ಮೆಕ್ಕೆಜೋಳದ್ದೇ.

ಹಾಲೂ ಖಾರವೂ ಹೊಂದುವುದಕ್ಕೆ ಕಾರಣವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿಗೆ ಕರಗದು, ಕೊಬ್ಬಿಗೆ ಕರಗುತ್ತದೆ. ಹಾಲಿನ ಕೇಸೀನ್ ಪ್ರೋಟೀನು ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಒಯ್ಯುತ್ತದೆ. ಹಾಗಾಗಿ ಖಾರದ ಹೊದಿಕೆಯೊಳಗೆ ಪನೀರ್ ಇಟ್ಟರೆ ಉರಿಯೂ ಔಷಧಿಯೂ ಒಂದೇ ತುತ್ತಿನಲ್ಲಿರುತ್ತವೆ. ಮೊಜ್ಜರೆಲ್ಲಾದಂಥ ಚೀಸ್ ಬಿಸಿಗೆ ಕರಗಿ ಎಳೆಯಾಗುತ್ತದೆ. ಹುಳಿ ಹಿಂಡಿ ಒಡೆದ ಪನೀರಿನಲ್ಲಿ ಪ್ರೋಟೀನುಗಳನ್ನು ಹಾಗೆ ಹಿಡಿದಿಡುವ ಕ್ಯಾಲ್ಸಿಯಂ ಬಹುಪಾಲು ನೀರಿನೊಂದಿಗೆ ಹೋಗಿಬಿಡುವುದರಿಂದ ಅದು ಕರಗುವುದಿಲ್ಲ. ಕರಿಯುವವರಿಗೆ ಇದು ಅನುಕೂಲವೇ, ಎಣ್ಣೆಯಲ್ಲಿ ಸೋರಿಹೋಗುವ ಭಯವಿಲ್ಲ.

ಕೊನೆಗೂ ನಿಂಬೆ ಹಿಂಡಿದೆ. ಒಲೆ ಸಣ್ಣ ಮಾಡಿ, ಎರಡು ಹಣ್ಣಿನ ರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದೆ. ನೀರು ತಿಳಿಹಸಿರಾಗಿ ಬೇರೆಯಾದೊಡನೆ ನಿಲ್ಲಿಸಿದೆ. ಹೆಚ್ಚು ಹುಳಿಯಾದರೆ ಪನೀರ್ ರಬ್ಬರಿನಂತಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಒಂದು ಗಂಟೆ ಕಲ್ಲು ಹೇರಿಟ್ಟೆ. ಸುಮಾರು 400 ಗ್ರಾಂ ಬಂತು. ಬೆರಳುದ್ದದ ತುಂಡುಗಳನ್ನಾಗಿ ಕೊಯ್ದು, ಎರಡು ಚಮಚ ಗಟ್ಟಿ ಮೊಸರು, ಬ್ಯಾಡಗಿ ಮೆಣಸಿನ ಪುಡಿ, ಕುಟ್ಟಿದ ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಮೂರು ಪಾಲು ಅಕ್ಕಿಹಿಟ್ಟು, ಒಂದು ಪಾಲು ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ನಾಲ್ಕೈದರಂತೆ ಬಿಟ್ಟು ಎರಡು ಮೂರು ನಿಮಿಷ ಕರಿದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ, ಬಹಳ ಹೊತ್ತು ಬಿಟ್ಟರೆ ಒಳಗಿನ ಪನೀರ್ ಒಣಗಿ ಗಟ್ಟಿಯಾಗುತ್ತದೆ. ಕೊನೆಗೆ ಅದೇ ಎಣ್ಣೆಯಲ್ಲಿ ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಬಾಡಿಸಿ ಮೇಲೆ ಹಾಕಿದೆ.

ಸೋಸಿದ ನೀರನ್ನು ಚೆಲ್ಲಲಿಲ್ಲ. ಸಂಜೆಯ ಚಪಾತಿ ಹಿಟ್ಟು ಕಲಸಲು ಎತ್ತಿಟ್ಟೆ. ಅಜ್ಜಿ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು.

ಮಗಳು ತಟ್ಟೆ ಮುಗಿಸಿ, "ಇದು ಯಾರ ರೆಸಿಪಿ ಅಮ್ಮಾ?" ಎಂದಳು. ಬಾಯಿಗೆ ಸೋಮೇಶ್ವರನ ಹೆಸರೇ ಬಂದಿತ್ತು. ಹೇಳಲಿಲ್ಲ. ಅವಳಿಗೆ ಎರಡು ಎಮ್ಮೆಗಳ ಕಥೆ, ಹಿತ್ತಾಳೆಯ ಕೊಡದ ಕಥೆ, ದಾರಿಯಲ್ಲಿ ಕೆಟ್ಟ ಹಾಲಿನ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಅಜ್ಜಿ ಯಾಕೆ ತಿನ್ನಲಿಲ್ಲ?"

ಹಿಂದಿನ ಸಾಲಿನ ಆ ಹುಡುಗಿ ಅಂದು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬಟ್ಟಲಿನಲ್ಲಿ ಇನ್ನೂ ನಾಲ್ಕು ತುಂಡುಗಳಿದ್ದವು. ನಾನು ಒಂದನ್ನು ತೆಗೆದುಕೊಂಡು, ಅವಳ ಪಕ್ಕದಲ್ಲಿ ಕುಳಿತು, ಉತ್ತರ ಹೇಳತೊಡಗಿದೆ.